ವೆಸ್ಟ್ ಇಂಡೀಸ್ ಒಂದು ದೇಶವೇ? – ಎಂಟನೇ ತರಗತಿಯ ಒಂದು ಪಾಠದ ಅನುಭವ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ಎಂಟನೇ ತರಗತಿಗೆ ರಾಜ್ಯಶಾಸ್ತ್ರದ ಪಾಠ ಮಾಡುವ ಸರದಿ ನನ್ನದಾಗಿತ್ತು. ಪಾಠಾಂಶ: ರಾಜ್ಯದ ನಾಲ್ಕು ಮೂಲಾಂಶಗಳು, ಅಂದರೆ ಜನಸಂಖ್ಯೆ, ಭೂಪ್ರದೇಶ, ಸರ್ಕಾರ ಮತ್ತು ಪರಮಾಧಿಕಾರ. ಇಲ್ಲಿ ‘ರಾಜ್ಯ’ ಎಂದರೆ ಕರ್ನಾಟಕದಂಥ ರಾಜ್ಯವಲ್ಲ, ಸ್ವತಂತ್ರ ದೇಶ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕಿತ್ತು. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬ ಬೋಧನಾ ಸೂತ್ರವನ್ನು ನೆನೆದು, ಪೀಠಿಕೆಗೆ ಕ್ರಿಕೆಟ್ಟನ್ನು ಆರಿಸಿಕೊಂಡೆ.

“ನಿಮಗೆ ಗೊತ್ತಿರುವ ಕ್ರಿಕೆಟ್ ತಂಡಗಳ ಹೆಸರು ಹೇಳಿ” ಎಂದೆ. ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್, ವೆಸ್ಟ್ ಇಂಡೀಸ್ ಎಂದು ಉತ್ತರಗಳು ಬಂದವು. ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು, ತಲೆಬರಹವಾಗಿ ‘ದೇಶಗಳು’ ಎಂದು ಹಾಕಿದೆ. ಎರಡನೇ ಸಾಲಿನ ಒಬ್ಬ ಹುಡುಗಿ ಗೋಡೆಯ ಭೂಪಟ ನೋಡುತ್ತಿದ್ದಳು. “ಮೇಡಂ, ವೆಸ್ಟ್ ಇಂಡೀಸ್ ಅಂತ ಇದರಲ್ಲಿ ಎಲ್ಲೂ ಇಲ್ವಲ್ಲ?” ಎಂದಳು. ನಾನು ತಡವರಿಸದೆ ಕೆರಿಬಿಯನ್ ಸಮುದ್ರವನ್ನು ತೋರಿಸಿ, “ಈ ದ್ವೀಪಗಳೆಲ್ಲ ಸೇರಿ ಒಂದು ದೇಶ” ಎಂದುಬಿಟ್ಟೆ. ಮಕ್ಕಳು ಅದನ್ನು ಬರೆದುಕೊಂಡರು.

ವೀಕ್ಷಣೆಗೆ ಕುಳಿತಿದ್ದ ಮೇಲ್ವಿಚಾರಕರು ತರಗತಿಯಲ್ಲಿ ಏನೂ ಹೇಳಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಮಾತ್ರ, “ವಿಷಯ ಪ್ರಭುತ್ವ: ವೆಸ್ಟ್ ಇಂಡೀಸ್ ಕುರಿತ ಹೇಳಿಕೆ ಪರಿಶೀಲಿಸಿ” ಎಂದು ಬರೆದಿದ್ದರು. ಗೆಳತಿಯರು, “ವೀಕ್ಷಣೆ ಮುಗೀತಲ್ಲ, ಮುಂದಿನ ಪಾಠಕ್ಕೆ ಹೋಗು” ಎಂದರು. ಆದರೆ ನನ್ನ ತಪ್ಪು ಇಡೀ ತರಗತಿಯ ನೋಟ್‌ಪುಸ್ತಕಗಳಲ್ಲಿ ಉಳಿದಿತ್ತು. ಅದೂ, ಸರಿಯಾದ ಪ್ರಶ್ನೆ ಕೇಳಿದ ಮಗುವಿಗೆ ಕೊಟ್ಟ ಉತ್ತರ ಅದು.

ಮರುದಿನ ಪಾಠವನ್ನು ಹೀಗೆ ಆರಂಭಿಸಿದೆ: “ನಿನ್ನೆ ನಾನು ಹೇಳಿದ ಒಂದು ಮಾತು ತಪ್ಪು. ಯಾವುದೆಂದು ಇವತ್ತು ನೀವೇ ಕಂಡುಹಿಡಿಯಬೇಕು.” ತರಗತಿಯನ್ನು ಗುಂಪುಗಳಾಗಿ ಮಾಡಿ ಮೂರು ಮಾಹಿತಿ ಚೀಟಿಗಳನ್ನು ಕೊಟ್ಟೆ. ಹಲವು ಕ್ರೀಡೆಗಳು ಒಟ್ಟಿಗೆ ನಡೆಯುವ ಅಂತಾರಾಷ್ಟ್ರೀಯ ಕೂಟಗಳಲ್ಲಿ ಕ್ರಿಕೆಟ್ ಹೇಗೆ ನಡೆಯಿತು ಎಂಬುದೇ ಮೂರರ ವಿಷಯ. ಆ ಕೂಟಗಳಲ್ಲಿ ತಂಡ ಕಳಿಸುವುದು ಕ್ರಿಕೆಟ್ ಮಂಡಳಿಯ ಹೆಸರಿನಲ್ಲಲ್ಲ, ಕೂಟದ ಸದಸ್ಯತ್ವ ಪಡೆದ ಪ್ರದೇಶದ ಹೆಸರಿನಲ್ಲಿ. ಹಾಗಾಗಿ ನಮಗೆ ಪರಿಚಿತವಾದ ಕೆಲವು ತಂಡಗಳು ಅಲ್ಲಿ ಬೇರೆ ರೂಪದಲ್ಲಿ ಕಾಣಿಸುತ್ತವೆ.

ಮೊದಲ ಚೀಟಿ: 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕ್ರೀಡಾಕೂಟ. ತಲಾ 50 ಓವರುಗಳ ಪಂದ್ಯ, 16 ತಂಡಗಳು. ಅಜಯ್ ಜಡೇಜಾ ನಾಯಕತ್ವದ ಭಾರತ ತಂಡದಲ್ಲಿ ನಮ್ಮ ಅನಿಲ್ ಕುಂಬ್ಳೆ ಇದ್ದರು. ಭಾರತ ಗುಂಪು ಹಂತದಲ್ಲೇ ಹೊರಬಿತ್ತು. ಚಿನ್ನ ದಕ್ಷಿಣ ಆಫ್ರಿಕಾಕ್ಕೆ, ಬೆಳ್ಳಿ ಆಸ್ಟ್ರೇಲಿಯಾಕ್ಕೆ. ತಂಡಗಳ ಪಟ್ಟಿಯಲ್ಲಿ ವೆಸ್ಟ್ ಇಂಡೀಸ್ ಇರಲಿಲ್ಲ. ಜಮೈಕಾ, ಬಾರ್ಬಡೋಸ್, ಆಂಟಿಗುವಾ ಮತ್ತು ಬಾರ್ಬುಡಾ ಬೇರೆಬೇರೆಯಾಗಿ ಆಡಿದವು.

ಎರಡನೇ ಚೀಟಿ: 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟ. ಮಹಿಳೆಯರ ಟಿ20, ಎಂಟು ತಂಡಗಳು. ವಿಜಯಪುರದ ರಾಜೇಶ್ವರಿ ಗಾಯಕವಾಡ ಭಾರತ ತಂಡದಲ್ಲಿದ್ದರು. ಫೈನಲಿನಲ್ಲಿ ಆಸ್ಟ್ರೇಲಿಯಾ 9 ರನ್‌ಗಳಿಂದ ಭಾರತವನ್ನು ಸೋಲಿಸಿತು. ಕೆರಿಬಿಯನ್ ಕಡೆಯಿಂದ ಬಂದದ್ದು ಬಾರ್ಬಡೋಸ್. ಅದರ ನಾಯಕಿ ಹೇಲಿ ಮ್ಯಾಥ್ಯೂಸ್ ವಿಶ್ವಕಪ್ಪಿನಲ್ಲಿ ವೆಸ್ಟ್ ಇಂಡೀಸ್ ಪರ ಆಡುವವರು.

ಮೂರನೇ ಚೀಟಿ: 1900ರ ಪ್ಯಾರಿಸ್ ಒಲಿಂಪಿಕ್ಸ್. ಎರಡೇ ತಂಡ, ಒಂದೇ ಪಂದ್ಯ, ಪ್ರತಿ ತಂಡದಲ್ಲಿ 12 ಆಟಗಾರರು. ಗ್ರೇಟ್ ಬ್ರಿಟನ್ 117 ಮತ್ತು 5 ವಿಕೆಟ್‌ಗೆ 145. ಫ್ರಾನ್ಸ್ 78 ಮತ್ತು 26. ಗೆಲುವು 158 ರನ್‌ಗಳದ್ದು. ಫ್ರಾನ್ಸ್ ಪರ ಆಡಿದವರಲ್ಲಿ ಹೆಚ್ಚಿನವರು ಅಲ್ಲಿ ನೆಲೆಸಿದ್ದ ಬ್ರಿಟಿಷರೇ.

ಮಕ್ಕಳು ಭೂಪಟದಲ್ಲಿ ಹೆಸರು ಹುಡುಕಿ, ನಾಲ್ಕು ಮೂಲಾಂಶಗಳ ಕೋಷ್ಟಕ ತುಂಬಿದರು. ಜಮೈಕಾ 1962ರಲ್ಲಿ, ಬಾರ್ಬಡೋಸ್ 1966ರಲ್ಲಿ, ಆಂಟಿಗುವಾ ಮತ್ತು ಬಾರ್ಬುಡಾ 1981ರಲ್ಲಿ ಸ್ವತಂತ್ರವಾದವು. ಮೂರಕ್ಕೂ ನಾಲ್ಕು ಗುರುತು ಬಿದ್ದವು. ‘ವೆಸ್ಟ್ ಇಂಡೀಸ್’ ಎದುರು ಜನ, ನೆಲ ಎಂದು ಬರೆದವರು ಸರ್ಕಾರದ ಮನೆಗೆ ಬಂದು ನಿಂತರು. ಆಗ ನಾನು ಒಂದು ಸಂಗತಿ ಸೇರಿಸಿದೆ: 1958ರಲ್ಲಿ ಈ ಭಾಗದ ಹಲವು ದ್ವೀಪಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ಕಟ್ಟಿದವು. ಜಮೈಕಾ ಹೊರಹೋಗಲು ನಿರ್ಧರಿಸಿದ ಮೇಲೆ 1962ರಲ್ಲಿ ಅದು ಮುರಿಯಿತು. ಆದರೆ 1928ರಲ್ಲೇ ಟೆಸ್ಟ್ ಆಡಿದ ಕ್ರಿಕೆಟ್ ತಂಡ ಉಳಿದುಕೊಂಡಿತು. “ಹಾಗಾದ್ರೆ ಅದು ದೇಶ ಅಲ್ಲ, ಟೀಮ್ ಅಷ್ಟೇ” ಎಂದಳು ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿ. ಎಲ್ಲರೂ ಹಿಂದಿನ ದಿನದ ವಾಕ್ಯಕ್ಕೆ ಗೆರೆ ಎಳೆದರು.

ಪಾಠ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಒಂದು ಗುಂಪು ತಕರಾರು ತೆಗೆಯಿತು: “ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಬೇರೆಯಾಗಿ ಆಡಿದೆ. ಹಾಗಿದ್ದರೆ ಇಂಗ್ಲೆಂಡ್‌ಗೂ ನಾಲ್ಕು ಗುರುತು ಹಾಕಬೇಕಲ್ಲವೆ?” ಕೂಟದಲ್ಲಿ ಪ್ರತ್ಯೇಕ ತಂಡವಿದ್ದರೆ ಅದು ಸ್ವತಂತ್ರ ದೇಶ ಎಂಬ ಹೊಸ ತಪ್ಪು ಕಲ್ಪನೆಗೆ ನನ್ನ ಚೀಟಿಗಳೇ ದಾರಿ ಮಾಡಿದ್ದವು. ಕಾಮನ್‌ವೆಲ್ತ್ ಕೂಟದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬೇರೆಬೇರೆಯಾಗಿ ಬರುತ್ತವೆ. ಒಲಿಂಪಿಕ್ಸ್‌ನಲ್ಲಿ ಗ್ರೇಟ್ ಬ್ರಿಟನ್ ಎಂಬ ಒಂದೇ ತಂಡ. ಪರಮಾಧಿಕಾರ ಇರುವುದು ಯುನೈಟೆಡ್ ಕಿಂಗ್‌ಡಮ್‌ಗೆ. ಇದನ್ನು ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಮತ್ತೆ ಈ ಪಾಠ ಮಾಡಿದರೆ ಇಂಗ್ಲೆಂಡ್‌ಗೆಂದೇ ನಾಲ್ಕನೆಯ ಚೀಟಿ ಮಾಡುತ್ತೇನೆ.

ಮೌಲ್ಯಮಾಪನಕ್ಕೆ ಮನೆಗೆಲಸವಾಗಿ ಒಂದು ಪ್ರಶ್ನೆ ಕೊಟ್ಟೆ: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಟಿ20 ಕ್ರಿಕೆಟ್ ಇರುತ್ತದೆ, ಪುರುಷರಲ್ಲಿ ಆರು, ಮಹಿಳೆಯರಲ್ಲಿ ಆರು ತಂಡಗಳು. ಅಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ಎಂಬ ಹೆಸರುಗಳನ್ನು ಕಾಣಬಹುದೇ? ಕಾರಣ ಕೊಡಿ. ‘ಇಲ್ಲ’ ಎಂದಷ್ಟೇ ಬರೆದವರಿಗಿಂತ, ಎರಡಕ್ಕೂ ಬೇರೆಬೇರೆ ಕಾರಣ ಕೊಟ್ಟವರ ಉತ್ತರಗಳೇ ನನಗೆ ಪಾಠದ ಅಳತೆಗೋಲಾದವು. ಒಂದು ಹಲವು ದೇಶಗಳ ಕೂಡು ತಂಡ, ಇನ್ನೊಂದು ಒಂದು ದೇಶದ ಭಾಗ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಮಾತು ಇಷ್ಟೆ. ತಿಳಿದುದರಿಂದ ಹೊರಡುವ ಸೂತ್ರ ಒಳ್ಳೆಯದೇ. ಆದರೆ ಆ ‘ತಿಳಿದುದು’ ಮಕ್ಕಳಿಗೂ ನಮಗೂ ಸರಿಯಾಗಿ ತಿಳಿದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಪೂರ್ವಜ್ಞಾನದ ಅಂಕಣದಲ್ಲಿ ನಾನು “ಕ್ರಿಕೆಟ್ ಆಡುವ ದೇಶಗಳು ಮಕ್ಕಳಿಗೆ ಗೊತ್ತು” ಎಂದು ಬರೆದಿದ್ದೆ. ಈಗ ಆ ಅಂಕಣದ ಕೆಳಗೆ ‘ಇದರಲ್ಲಿ ತಪ್ಪಿರಬಹುದಾದದ್ದು’ ಎಂದು ಇನ್ನೊಂದು ಸಾಲು ಸೇರಿಸಿಕೊಂಡು, ಅದನ್ನು ತುಂಬಿದ ಮೇಲೆಯೇ ತರಗತಿಗೆ ಹೋಗುತ್ತೇನೆ.