ಕೀಲುಬೇನೆ: ಹೆಸರು ಒಂದು, ರೋಗ ಹಲವು

ನಮ್ಮ ಹಳ್ಳಿಗಳಲ್ಲಿ ಮೊಣಕಾಲು ನೋಯಲಿ, ಸೊಂಟ ಹಿಡಿಯಲಿ, ಬೆರಳಿನ ಗಿಣ್ಣುಗಳು ಊದಿಕೊಳ್ಳಲಿ, ಎಲ್ಲಕ್ಕೂ 'ವಾಯು' ಎಂಬ ಒಂದೇ ಹೆಸರುಂಟು. ಹೆಸರು ಒಂದೇ ಆದುದರಿಂದ ಮದ್ದೂ ಒಂದೇ ಎಂಬ ಭಾವನೆ ಬೆಳೆದುಬಂದಿದೆ. ಒಬ್ಬರಿಗೆ ಹಿತವೆನಿಸಿದ ಎಣ್ಣೆಯನ್ನು ಓಣಿಯವರೆಲ್ಲರೂ ತರಿಸುತ್ತಾರೆ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ನುಂಗುತ್ತಾರೆ. ಆದರೆ ಕೀಲುಬೇನೆಯೆಂಬುದು ಒಂದು ರೋಗವಲ್ಲ. ಇದರ ಬಗೆಗಳು ನೂರಕ್ಕೂ ಮಿಗಿಲೆಂದು ವೈದ್ಯಶಾಸ್ತ್ರ ಹೇಳುತ್ತದೆ. ಒಂದಕ್ಕೆ ಹಿತವಾದ ಉಪಚಾರ ಮತ್ತೊಂದಕ್ಕೆ ಅಹಿತವಾಗಬಹುದು. ನಾನು ವೈದ್ಯ ವಿದ್ಯಾರ್ಥಿಯಲ್ಲ, ಕಲಾ ವಿಭಾಗದ ವಿದ್ಯಾರ್ಥಿ. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಓದುಬಲ್ಲ ಸಾಮಾನ್ಯನೊಬ್ಬನು ತನ್ನ ಮನೆಯವರಿಗಾಗಿ ತಿಳಿದಿರಬೇಕಾದಷ್ಟನ್ನು ಮಾತ್ರ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಎಲ್ಲವನ್ನೂ ಒಂದೇ ಎಂದು ಭಾವಿಸುವ ರೂಢಿ ನಮ್ಮ ಪ್ರಾಚೀನ ವೈದ್ಯರದಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ಚರಕಸಂಹಿತೆಯು 'ವಾತರಕ್ತ'ವನ್ನು ಬೇರೆಯ ಅಧ್ಯಾಯದಲ್ಲಿಯೇ ವಿವರಿಸುತ್ತದೆ. ಅನಂತರದ ಮಾಧವನಿದಾನವು 'ಆಮವಾತ'ವೆಂಬುದನ್ನು ಪ್ರತ್ಯೇಕ ರೋಗವಾಗಿ ಗುರುತಿಸುತ್ತದೆ. ನೋವು ಎಲ್ಲಿದೆ, ಯಾವಾಗ ಬರುತ್ತದೆ, ಯಾವುದರಿಂದ ಹೆಚ್ಚುತ್ತದೆ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಯೂ ಇದ್ದಿತು. ಇಂದಿನ ವೈದ್ಯರು ಮೊದಲು ಕೇಳುವುದೂ ಇದೇ ಪ್ರಶ್ನೆಗಳನ್ನು.

ಕೀಲೆಂದರೇನು? ಎರಡು ಮೂಳೆಗಳು ಕೂಡುವ ಎಡೆಯೇ ಕೀಲು. ಮೂಳೆಯ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲನ್ನು ಸುತ್ತಿರುವ ಚೀಲದ ಒಳಪೊರೆಯು ಒಂದು ಬಗೆಯ ಜಿಗುಟಾದ ದ್ರವವನ್ನು ಒಸರಿಸುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಮೂಳೆಗಳಿಗೆ ಈ ದ್ರವ ಹಾಗೆ. ಆದರೆ ಗಾಡಿಗೂ ದೇಹಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ನಾವು ನಡೆದಾಗ ಅದು ಒತ್ತಿ ಬಿಡುತ್ತದೆ. ಹಾಗೆ ಒತ್ತಿ ಬಿಡುವಾಗಲೇ ಈ ದ್ರವದಿಂದ ತನ್ನ ಆಹಾರವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಬಳಸದ ಕೀಲು ಉಳಿಯುತ್ತದೆಂಬುದು ತಪ್ಪು ಎಣಿಕೆ. ಚಲನೆಯೇ ಅದಕ್ಕೆ ಊಟ. ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ. ಆದಕಾರಣ ಸವೆತವು ಬಹುದೂರ ಸಾಗಿದ ಮೇಲೆಯೇ ನೋವು ತಿಳಿಯುವುದುಂಟು.

ಇನ್ನು ಮುಖ್ಯವಾದ ಮೂರು ಬಗೆಗಳನ್ನು ನೋಡೋಣ. ಮೊದಲನೆಯದು ಸವೆತದ ಬೇನೆ. ಆಸ್ಟಿಯೋಆರ್ಥ್ರೈಟಿಸ್ ಎಂದು ಇದರ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಇದು ಇದ್ದಿತು. ಅವರಲ್ಲಿ ನೂರಕ್ಕೆ 60 ಮಂದಿ ಸ್ತ್ರೀಯರು. ಎಲ್ಲಕ್ಕಿಂತ ಹೆಚ್ಚಾಗಿ ಇದಕ್ಕೆ ತುತ್ತಾಗುವುದು ಮೊಣಕಾಲು. ವಯಸ್ಸು, ದೇಹದ ತೂಕ, ಹಿಂದೆ ಬಿದ್ದ ಪೆಟ್ಟು, ವಂಶದ ಗುಣ ಇವೆಲ್ಲ ಕಾರಣಗಳು. ಕುಕ್ಕರುಗಾಲಿನಲ್ಲಿ ಅಥವಾ ಮೊಣಕಾಲೂರಿ ಬಹುಕಾಲ ದುಡಿಯುವವರಲ್ಲಿ ಇದು ಹೆಚ್ಚು. ಇದರ ನೋವು ಕೆಲಸದಿಂದ ಹೆಚ್ಚಿ, ವಿಶ್ರಾಂತಿಯಿಂದ ತಗ್ಗುತ್ತದೆ. ಬೆಳಗಿನ ಬಿಗಿತವು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ಆಯುರ್ವೇದದ ಆಮವಾತಕ್ಕೆ ಇದನ್ನು ಹೋಲಿಸುತ್ತಾರೆ. ಇದು ಸವೆತವಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನಬಹುದು. ಎರಡೂ ಕೈಗಳ ಬೆರಳ ಗಿಣ್ಣುಗಳೂ ಮಣಿಕಟ್ಟುಗಳೂ ಸಮನಾಗಿ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತವು ಗಂಟೆಗೂ ಮೀರಿ ನಿಲ್ಲುತ್ತದೆ. ಮುಪ್ಪಿನವರಿಗಷ್ಟೇ ಅಲ್ಲ, ಮೂವತ್ತು ನಲವತ್ತರ ಹೆಂಗಸರಿಗೂ ಬರುತ್ತದೆ. ತಡಮಾಡಿದರೆ ಬೆರಳುಗಳು ಸೊಟ್ಟಗಾಗುತ್ತವೆ. ಬೇಗ ತಿಳಿದರೆ ರೋಗವನ್ನು ಹತೋಟಿಯಲ್ಲಿಡುವ ಔಷಧಗಳಿವೆ. ಅವುಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟನ್ನು ಈ ರೋಗಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿಯನ್ನು ಓದಿ ಹೇಳುವವರು ಮನೆಯಲ್ಲಿರಬೇಕಾದುದು ಇದಕ್ಕಾಗಿಯೇ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅದರ ಸೂಜಿಯಂತಹ ಹರಳುಗಳು ಕೀಲಿನಲ್ಲಿ ನೆಲೆನಿಲ್ಲುತ್ತವೆ. ಬಹುಮಟ್ಟಿಗೆ ರಾತ್ರಿಯ ಹೊತ್ತು ಕಾಲಿನ ಹೆಬ್ಬೆರಳಿನ ಬುಡ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯುತ್ತದೆ. ಗಂಡಸರಲ್ಲಿ ಹೆಚ್ಚು. ಮದ್ಯವೂ ಅತಿಯಾದ ಮಾಂಸಾಹಾರವೂ ಇದನ್ನು ಕೆರಳಿಸುತ್ತವೆ.

ಇವಲ್ಲದೆ ನಮ್ಮ ನಾಡಿಗೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ನಾವು ಅರಿತಿರಬೇಕು. 2006ರಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿದಿತ್ತೆಂದು ಲೆಕ್ಕವಾಯಿತು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಹಲವರಲ್ಲಿ ತಿಂಗಳುಗಟ್ಟಲೆ ಉಳಿಯಿತು. ಸೊಳ್ಳೆಯಿಂದ ಹರಡುವ ಈ ಬೇನೆಗೆ ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಮುಖ್ಯ ತಡೆ. ಕೋಲಾರ, ತುಮಕೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಮೂಳೆಗಳು ಗಡುಸಾಗಿ, ಬೆನ್ನೂ ಕೀಲುಗಳೂ ಬಿಗಿದುಕೊಳ್ಳುತ್ತವೆ. ಈ ನೋವಿಗೆ ಎಣ್ಣೆ ತಿಕ್ಕಿ ಫಲವೇನು? ಕುಡಿಯುವ ನೀರು ಬದಲಾಗಬೇಕು.

ಮಲೆನಾಡಿನ ಕಥೆ ಇನ್ನೂ ಮನಕರಗಿಸುವಂತಹದು. 1974-75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ, ಎಳೆಯ ವಯಸ್ಸಿನವರೂ ಸೊಂಟ ಮೊಣಕಾಲುಗಳ ಕೀಲು ಕೆಟ್ಟು ನಡೆಯಲಾರದೆ ಹೋದುದು ಬೆಳಕಿಗೆ ಬಂದಿತು. ರೋಗಿಗಳು ಹೆಚ್ಚಾಗಿ ಭೂಮಿಯಿಲ್ಲದ ದಲಿತ ಕೃಷಿಕಾರ್ಮಿಕರು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಸೇರಿದ ಏಡಿಯನ್ನೂ ಮೀನನ್ನೂ ತಿಂದುದೇ ಕಾರಣವೆಂದು ಮೊದಲು ಶಂಕಿಸಿದರು. ಅನಂತರದ ಸಂಶೋಧನೆಗಳಿಂದ ಇದು ವಂಶದಲ್ಲಿ ಹರಿದುಬರುವ ರೋಗವೆಂದು ಕಂಡುಬಂದಿತು. ಇದಕ್ಕೆ 'ಹಂದಿಗೋಡು ರೋಗ'ವೆಂದೇ ಹೆಸರಾಯಿತು. ಕೀಲುಬೇನೆಯೆಂದರೆ ಮುದುಕರ ಕಾಯಿಲೆಯೆಂದು ನಗುವವರು ಆ ಗ್ರಾಮವನ್ನು ನೆನೆಯಬೇಕು.

ಇನ್ನು ಆರೈಕೆಯ ವಿಷಯ. ಸವೆತದ ಬೇನೆಯಲ್ಲಿ ಸವೆದುಹೋದ ಮೃದ್ವಸ್ಥಿಯನ್ನು ಮೊದಲಿನಂತೆ ಬೆಳೆಸುವ ಮಾತ್ರೆಯಿಲ್ಲ. ಆದರೆ ನೋವನ್ನು ತಗ್ಗಿಸಿ ನಡೆದಾಡುವಂತೆ ಮಾಡುವ ದಾರಿಗಳಿವೆ; ಅವುಗಳಲ್ಲಿ ಬಹುಪಾಲಿಗೆ ಹಣ ಬೇಕಿಲ್ಲ. ಮೊದಲನೆಯದು ತೊಡೆಯ ಸ್ನಾಯುಗಳನ್ನು ಬಲಪಡಿಸುವುದು. ಕುರ್ಚಿಯ ಮೇಲೆ ಕುಳಿತು, ಒಂದು ಕಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸಬೇಕು. ಒಂದೊಂದು ಕಾಲಿಗೂ ಹತ್ತು ಸಲ, ದಿನಕ್ಕೆರಡು ಹೊತ್ತು ಮಾಡಿದರೆ ಕೆಲವು ವಾರಗಳಲ್ಲಿ ಗುಣ ಕಾಣತೊಡಗುತ್ತದೆ. ಎರಡನೆಯದು ತೂಕ. ಸ್ಥೂಲಕಾಯರು ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುವುದೆಂದು ಅಳೆದು ನೋಡಿದ್ದಾರೆ. ಮೂರನೆಯದು ಊರುಗೋಲು. ಬಲಗಾಲು ನೋಯುತ್ತಿದ್ದರೆ ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಬಿಗಿತಕ್ಕೆ ಬಿಸಿನೀರಿನ ಶಾಖವೂ, ಹೊಸದಾಗಿ ಊದಿ ಬಿಸಿಯಾದ ಕೀಲಿಗೆ ತಣ್ಣೀರ ಬಟ್ಟೆಯೂ ಹಿತ.

ಕುಕ್ಕರುಗಾಲಿನಲ್ಲಿ ಕೂರಬೇಡಿರೆಂದು ಹೇಳುವುದು ಸುಲಭ. ಆದರೆ ಕಳೆ ಕೀಳುವ, ನಾಟಿ ಹಾಕುವ ಕೂಲಿಯ ಹೆಂಗಸು ಹಾಗೆ ಕೂರದೆ, ಬಗ್ಗದೆ ಹೇಗೆ ದುಡಿದಾಳು? ನನ್ನ ತಾಯಿಯೂ ಈ ಕೆಲಸ ಮಾಡಿಯೇ ನನ್ನನ್ನು ಓದಿಸಿದವರು. ಅಂತಹವರಿಗೆ ಹೇಳಬೇಕಾದುದು ಅವರ ಬದುಕಿಗೆ ಹೊಂದುವಂತಿರಬೇಕು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕಡಲೆಕಾಯಿ ಬಿಡಿಸುವಾಗ ಸಣ್ಣ ಮಣೆಯೋ ಮೋಡೆಯೋ ಹಾಕಿಕೊಳ್ಳುವುದು, ಒಂದು ದೊಡ್ಡ ಕೊಡದ ಬದಲು ಎರಡು ಸಲ ಚಿಕ್ಕ ಕೊಡ ತರುವುದು, ಉದ್ದ ಹಿಡಿಯ ಪೊರಕೆ ಬಳಸುವುದು, ಇಷ್ಟಾದರೂ ಸಾಧ್ಯ. ನೀರು ತರುವುದು, ಹಿಟ್ಟು ಬೀಸಿಸಿಕೊಂಡು ಬರುವುದು ಮೊದಲಾದ ಕೆಲಸಗಳನ್ನು ಗಂಡುಮಕ್ಕಳು ವಹಿಸಿಕೊಂಡರೆ ಅದೂ ಒಂದು ಔಷಧವೇ.

ಈಗ ಅಪಾಯದ ಮಾತು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಫಿಲಿಪ್ ಹೆಂಚ್ ಅವರ ತಂಡವು, ರುಮಟಾಯ್ಡ್ ಬೇನೆಯಿಂದ ನರಳುತ್ತಿದ್ದ ಮಹಿಳೆಯೊಬ್ಬಳಿಗೆ ಕಾರ್ಟಿಸೋನ್ ಎಂಬ ಔಷಧವನ್ನು ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಸರಾಗವಾಗಿ ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಬಹುಕಾಲ ಸೇವಿಸಿದರೆ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ ತಲೆದೋರುವುದು ಮುಂತಾದ ಕೆಡುಕುಗಳೂ ಬೇಗನೆ ತಿಳಿದುಬಂದವು. ಈ ಜಾತಿಯ ಔಷಧಗಳೇ ಸ್ಟೆರಾಯ್ಡುಗಳು. ವೈದ್ಯರ ಕೈಯಲ್ಲಿ ಅವು ಬಹೂಪಯೋಗಿ. ಹೆಸರಿಲ್ಲದ ಪುಡಿಗಳಲ್ಲಿ ಗುಟ್ಟಾಗಿ ಬೆರೆತಾಗ ಅವು ವಿಷ. ನಮ್ಮ ಬೀದಿಯ ಅಜ್ಜಿಯೊಬ್ಬರು ಸಂತೆಯಲ್ಲಿ ಕೊಂಡ ಪುಡಿಯನ್ನು ಕೆಲವು ತಿಂಗಳು ಸೇವಿಸಿದರು. ನೋವು ಮಾಯವಾಯಿತು, ಮುಖ ತುಂಬಿಕೊಂಡಿತು. ಮೈಗೆ ಹಿಡಿಯಿತೆಂದು ಎಲ್ಲರೂ ಹರ್ಷಪಟ್ಟರು. ಅದು ಸ್ಟೆರಾಯ್ಡಿನ ಊತವೆಂದು ವೈದ್ಯರು ಗುರುತಿಸಿ, ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೆಂದು ತಿಳಿಸಿ, ಅಳತೆಮಾಡಿ ಮೆಲ್ಲಮೆಲ್ಲನೆ ಬಿಡಿಸಿದರು. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗಳೂ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ಉಂಟುಮಾಡಬಲ್ಲವು.

ಕೆಲವು ಸಂದರ್ಭಗಳಲ್ಲಿ ಒಂದು ದಿನವೂ ಕಾಯಬಾರದು. ಜ್ವರದೊಡನೆ ಒಂದೇ ಕೀಲು ಕೆಂಪಾಗಿ ಬಿಸಿಯಾಗಿ ಊದಿದರೆ ಒಳಗೆ ಕೀವಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಗಂಟಲುನೋವು ಬಂದು ಹೋದ ಎರಡು ಮೂರು ವಾರಗಳಲ್ಲಿ ಮಗುವಿಗೆ ಒಂದು ಕೀಲಿನಿಂದ ಮತ್ತೊಂದಕ್ಕೆ ಹಾರುವ ನೋವು ಬಂದರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಕೀಲುನೋವು ತಾನಾಗಿ ಮಾಯುತ್ತದೆ. ಹೃದಯದ ಕವಾಟಕ್ಕೆ ಆದ ಪೆಟ್ಟು ಉಳಿಯುತ್ತದೆ. ಮೊಣಕಾಲು ಪೂರ್ತಿ ಕೆಟ್ಟವರಿಗೆ ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. ಆ ಕೃತಕ ಕೀಲಿನ ಬೆಲೆಗೆ ಕೇಂದ್ರ ಸರಕಾರವು 2017ರ ಆಗಸ್ಟಿನಲ್ಲಿ ಮಿತಿ ಹಾಕಿತೆಂಬುದು ಬಡವರು ತಿಳಿದಿರಬೇಕಾದ ವಿಷಯ.

ನಮ್ಮ ಕಾಲೇಜಿನಲ್ಲಿ ಮನೆತನಕ್ಕೆ ಮೊದಲಿಗರಾಗಿ ಪದವಿಯ ಮೆಟ್ಟಿಲು ಹತ್ತಿದವರು ಬಹು ಮಂದಿ ಇದ್ದೇವೆ. ಔಷಧದ ಚೀಟಿ, ಮಾತ್ರೆಯ ಹೊದಿಕೆ, ಆಸ್ಪತ್ರೆಯ ಫಲಕ ಇವನ್ನು ಓದಿ ತಿಳಿಸುವ ಹೊಣೆ ಮನೆಯಲ್ಲಿ ನಮ್ಮ ಮೇಲೆಯೇ ಬಿದ್ದಿದೆ. ಅಮ್ಮನಿಗೋ ಅಜ್ಜನಿಗೋ ಕಾಲುನೋವೆಂದಾಗ 'ವಯಸ್ಸಾಯಿತು' ಎಂದು ಸುಮ್ಮನಾಗದೆ ನಾಲ್ಕು ಪ್ರಶ್ನೆ ಕೇಳೋಣ: ಯಾವ ಕೀಲು? ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು? ಊತವುಂಟೇ? ಈವರೆಗೆ ನುಂಗಿದ ಔಷಧ ಯಾವುದು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅವರೊಡನೆ ವೈದ್ಯರ ಬಳಿಗೆ ಹೋಗೋಣ. ನಮ್ಮ ಓದು ಮನೆಗೆ ಸಲ್ಲಿಸಬಹುದಾದ ಮೊದಲ ಸೇವೆಗಳಲ್ಲಿ ಇದೂ ಒಂದು.