ರಕ್ತಕ್ಕೆ ಏರಿಸುವ ಎಣ್ಣೆ

ಗೆಳೆಯನೊಬ್ಬನ ಅಪ್ಪ ಸೆಪ್ಸಿಸ್ ಆಗಿ ಐಸಿಯುನಲ್ಲಿದ್ದಾಗ ನೋಡಲು ಹೋಗಿದ್ದೆವು. ಗ್ಲೂಕೋಸ್ ಬಾಟಲಿಗಳ ನಡುವೆ ಹಾಲಿನಂಥ ಬಿಳಿ ಚೀಲವೊಂದು ತೂಗುತ್ತಿತ್ತು. 'ಇದೇನ್ ಸಿಸ್ಟರ್, ಹಾಲು ಏರಿಸ್ತಿದೀರಾ?' ಅಂತ ನಮ್ಮಲ್ಲೊಬ್ಬ ಕೇಳೇಬಿಟ್ಟ. ಅದು ಎಣ್ಣೆ ಅಂದಾಗ ನಾವ್ಯಾರೂ ನಂಬಲಿಲ್ಲ. ಎಣ್ಣೆಯನ್ನು ರಕ್ತಕ್ಕೆ ಬಿಟ್ಟರೆ ಮನುಷ್ಯ ಬದುಕ್ತಾನಾ?

ಹಾಗೇ ಬಿಟ್ಟರೆ ಬದುಕಲ್ಲ. ದೊಡ್ಡ ಹನಿಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತವೆ. ಅಮೆರಿಕದಲ್ಲಿ ಮೊದಲು ಬಂದ ಹತ್ತಿಬೀಜದ ಎಣ್ಣೆಯ ಎಮಲ್ಷನ್ ದುಷ್ಪರಿಣಾಮಗಳಿಂದಾಗಿ ಬಳಕೆಯಿಂದಲೇ ಹೋಯಿತು. ಸ್ವೀಡನ್ನಿನ ಆರ್ವಿಡ್ ವ್ರೆಟ್‌ಲಿಂಡ್ ಸೋಯಾ ಎಣ್ಣೆಗೆ ಮೊಟ್ಟೆಯ ಹಳದಿಯ ಫಾಸ್ಫೋಲಿಪಿಡ್ ಸೇರಿಸಿ ಮಾಡಿದ ಇಂಟ್ರಾಲಿಪಿಡ್ 1960ರ ದಶಕದ ಆರಂಭದಲ್ಲಿ ಬಂತು. ಇಂದಿನ ಅಮೆರಿಕನ್ ಮಾನದಂಡದ ಪ್ರಕಾರ ಹನಿಗಳ ಸರಾಸರಿ ವ್ಯಾಸ 0.5 ಮೈಕ್ರಾನ್‌ಗಿಂತ ಕಡಿಮೆ ಇರಬೇಕು. 5 ಮೈಕ್ರಾನ್ ಮೀರಿದ ಹನಿಗಳಲ್ಲಿರುವ ಕೊಬ್ಬು ಒಟ್ಟು ಕೊಬ್ಬಿನ 0.05%ಗಿಂತ ಹೆಚ್ಚಿರಕೂಡದು. ಕೆಮಿಕಲ್ ಬ್ರಾಂಚಿನವರೇ, ನಿಮ್ಮ ಹೋಮೋಜಿನೈಸರ್‌ಗೆ ಎಂಥಾ ಕೆಲಸ ನೋಡಿ!

ಈಗ ಸೆಪ್ಸಿಸ್‌ಗೆ ಬರೋಣ. ಇದು ಬರೀ ಸೋಂಕಲ್ಲ. ಸೋಂಕಿಗೆ ದೇಹ ಕೊಡುವ ಉತ್ತರವೇ ಹಳಿ ತಪ್ಪಿ ಅಂಗಾಂಗಗಳನ್ನು ಕೆಡಿಸುವುದು ಸೆಪ್ಸಿಸ್. 2016ರ ವ್ಯಾಖ್ಯಾನದ ಸಾರ ಇಷ್ಟೇ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಬೇಗ ಹೊಳೆಯುತ್ತೆ: ಫೀಡ್‌ಬ್ಯಾಕ್ ಲೂಪ್ ಸ್ಥಿರತೆ ಕಳಕೊಂಡಿದೆ. ಉರಿಯೂತ ಮಿತಿ ಮೀರುತ್ತೆ, ಜೊತೆಗೇ ರೋಗನಿರೋಧಕ ಶಕ್ತಿ ಕುಗ್ಗುತ್ತೆ. ಕರುಳು ಕೆಲಸ ಮಾಡುತ್ತಿದ್ದರೆ ಟ್ಯೂಬಿನ ಊಟವೇ ಮೊದಲ ಆಯ್ಕೆ. ಅದಾಗದಿದ್ದಾಗ ಈ ಬಿಳಿ ಚೀಲ.

ಎಣ್ಣೆ ಅಂದರೆ ಗ್ರಾಂಗೆ 9 ಕಿಲೋಕ್ಯಾಲೊರಿ ಅಂತ ಮಾತ್ರ ಲೆಕ್ಕ ಹಾಕಿದರೆ ತಪ್ಪುತ್ತೇವೆ. ಕೊಬ್ಬಿನಾಮ್ಲಗಳು ಜೀವಕೋಶದ ಪೊರೆಯಲ್ಲಿ ಸೇರಿಕೊಳ್ಳುತ್ತವೆ, ಅಲ್ಲಿಂದ ಸಂಕೇತ ಕಳಿಸುವ ಅಣುಗಳಾಗುತ್ತವೆ. ಸೋಯಾ ಎಣ್ಣೆಯ ಸುಮಾರು ಅರ್ಧ ಭಾಗ ಲಿನೋಲಿಯಿಕ್ ಆಮ್ಲ, ಅಂದರೆ ಒಮೆಗಾ-6. ಇದರಿಂದ ಅರಾಕಿಡೋನಿಕ್ ಆಮ್ಲ, ಅದರಿಂದ ಉರಿಯೂತ ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್, ಲ್ಯೂಕೋಟ್ರೈಯೀನ್‌ಗಳು. (ಪೂರಾ ವಿಲನ್ ಅಲ್ಲ ಇವು, ಪ್ರೋಸ್ಟಗ್ಲಾಂಡಿನ್ ಇ2 ಕೆಲವು ಕಡೆ ಉರಿಯೂತವನ್ನು ತಡೆಯುತ್ತೆ ಕೂಡ.) ಮೀನೆಣ್ಣೆಯ ಒಮೆಗಾ-3 ಅದೇ ಕಿಣ್ವಗಳಿಗಾಗಿ ಪೈಪೋಟಿ ಮಾಡುತ್ತೆ, ಆದರೆ ಅದರಿಂದ ಬರುವ ಸಂಕೇತಗಳು ಸೌಮ್ಯ. ಮೇಲಾಗಿ ಉರಿಯೂತವನ್ನು ಮುಗಿಸಿ ಕಳಿಸುವ ರಿಸಾಲ್ವಿನ್‌ಗಳೂ ಇದರಿಂದಲೇ ಹುಟ್ಟುತ್ತವೆ.

ಹಾಗಾದರೆ ಮೀನೆಣ್ಣೆ ಹಾಕಿದರೆ ಮುಗೀತಲ್ಲ? ನಾವೂ ಹಾಗೇ ಅಂದುಕೊಂಡೆವು. ಸೋಯಾ 30, ಎಂಸಿಟಿ 30, ಆಲಿವ್ 25, ಮೀನೆಣ್ಣೆ 15 ಶೇಕಡಾ ಇರುವ ಮಿಶ್ರಣ ಮಾರುಕಟ್ಟೆಯಲ್ಲಿದೆ. ಕೆಲವು ಸಣ್ಣ ಪ್ರಯೋಗಗಳಲ್ಲಿ ಐಸಿಯು ದಿನಗಳು ಕಡಿಮೆಯಾದದ್ದು ನಿಜ. ಆದರೆ ಸಾವು ತಪ್ಪುತ್ತೆ ಅನ್ನುವಷ್ಟು ಗಟ್ಟಿ ಸಾಕ್ಷಿ ಇಲ್ಲ. ತೀವ್ರ ಶ್ವಾಸಕೋಶದ ಹಾನಿಯಾದವರಿಗೆ ಟ್ಯೂಬಿನ ಮೂಲಕ ಒಮೆಗಾ-3 ಕೊಟ್ಟ ಅಮೆರಿಕದ ಪ್ರಯೋಗವೊಂದನ್ನು, ಲಾಭ ಕಾಣದೆ ನಡುವೆಯೇ ನಿಲ್ಲಿಸಿದರು. ಅದರ ವರದಿ ಬಂದದ್ದು 2011ರಲ್ಲಿ. ಮೊದಲ ವಾರ ಸೋಯಾ ಎಣ್ಣೆ ಬೇಡ ಎಂದಿದ್ದ 2016ರ ಅಮೆರಿಕನ್ ಮಾರ್ಗಸೂಚಿ, 2022ರಲ್ಲಿ ಸೋಯಾ ಆಗಲಿ ಮಿಶ್ರಣವಾಗಲಿ ಕೊಡಬಹುದು ಅಂತ ಬದಲಾಯಿತು.

ಎಣ್ಣೆ ಯಾವುದು ಅನ್ನುವಷ್ಟೇ ಎಷ್ಟು ಅನ್ನುವುದೂ ಮುಖ್ಯ. ಸೆಪ್ಸಿಸ್‌ನಲ್ಲಿ ರಕ್ತದಿಂದ ಕೊಬ್ಬು ಖಾಲಿಯಾಗುವುದು ನಿಧಾನವಾಗಬಹುದು, ಆಗ ಟ್ರೈಗ್ಲಿಸರೈಡ್ ಏರುತ್ತೆ. ದಿನಕ್ಕೆ ಕೆಜಿಗೆ 1.5 ಗ್ರಾಂ ಮಿತಿ ಅಂದರೆ 60 ಕೆಜಿ ರೋಗಿಗೆ 90 ಗ್ರಾಂ. ಆದರೆ ವೆಂಟಿಲೇಟರ್ ರೋಗಿಯನ್ನು ಮಲಗಿಸಲು ಕೊಡುವ ಪ್ರೊಪೊಫಾಲ್ ಕೂಡ 10% ಕೊಬ್ಬಿನ ಎಮಲ್ಷನ್ನೇ. ಗಂಟೆಗೆ 20 ಎಂಎಲ್ ಹೋದರೆ ದಿನಕ್ಕೆ 480 ಎಂಎಲ್, ಅಂದರೆ 48 ಗ್ರಾಂ ಕೊಬ್ಬು. ಊಟದ ಚೀಟಿಯಲ್ಲಿ ಒಂದು ಹನಿ ಎಣ್ಣೆ ಬರೆಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತೆ!

ಆ ದಿನ ಅಂಕಲ್ ಪಕ್ಕದ ಪಂಪಿನಲ್ಲಿ ಇನ್ನೊಂದು ಬಿಳಿ ಸಿರಿಂಜ್ ಇತ್ತು. ಅದೇನು ಅಂತ ನಾವು ಕೇಳಿರಲಿಲ್ಲ.