ಒಪ್ಪಿಸುವುದು ಬೇರೆ, ಹೇಳುವುದು ಬೇರೆ: ನಟ ಗುಸ್ತಾವ್ ಹೊಲೌಬೆಕ್

ಕಳೆದ ವರ್ಷ ನಮ್ಮ ಕಾಲೇಜಿನ ಕಾವ್ಯವಾಚನ ಸ್ಪರ್ಧೆಯಲ್ಲಿ ನಾನೂ ಭಾಗವಹಿಸಿದ್ದೆ. ನಮ್ಮ ಮನೆಮಾತು ಉರ್ದು. ಆದ್ದರಿಂದ ಕನ್ನಡ ಪದ್ಯವನ್ನು ಹದಿನೈದು ದಿನ ಕೂತು ಕಂಠಪಾಠ ಮಾಡಿದ್ದೆ. ವೇದಿಕೆಯ ಮೇಲೆ ಒಂದು ಅಕ್ಷರವೂ ತಪ್ಪಲಿಲ್ಲ. ಆದರೂ ಬಹುಮಾನ ಬರಲಿಲ್ಲ. ಕಾರಣ ಕೇಳಿದಾಗ ತೀರ್ಪುಗಾರರಾಗಿದ್ದ ಉಪನ್ಯಾಸಕರು, "ನೀನು ಪದ್ಯವನ್ನು ಒಪ್ಪಿಸಿದೆ, ಹೇಳಲಿಲ್ಲ" ಎಂದರು. ಎರಡಕ್ಕೂ ಏನು ವ್ಯತ್ಯಾಸ ಎಂಬುದು ಆಗ ನನಗೆ ಅರ್ಥವಾಗಲಿಲ್ಲ. ಪೋಲೆಂಡ್ ದೇಶದ ನಟ ಗುಸ್ತಾವ್ ಹೊಲೌಬೆಕ್ ಅವರ ಜೀವನದ ಬಗ್ಗೆ ಓದಿದ ಮೇಲೆ ಸ್ವಲ್ಪ ಅರ್ಥವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಲೌಬೆಕ್ 1923ರ ಏಪ್ರಿಲ್ 21ರಂದು ಕ್ರಾಕುವ್ ನಗರದಲ್ಲಿ ಜನಿಸಿದರು. ಹುಡುಗನಾಗಿದ್ದಾಗ ಅವರಿಗೆ ಫುಟ್‌ಬಾಲ್ ಹುಚ್ಚು. ಊರಿನ ಕ್ರಾಕೋವಿಯಾ ತಂಡದ ಅಭಿಮಾನ ಕೊನೆಯವರೆಗೂ ಹೋಗಲಿಲ್ಲ. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದಾಗ ಅವರಿಗೆ ಹದಿನಾರು ವರ್ಷ, ಅಂದರೆ ನಮಗಿಂತ ಚಿಕ್ಕವರು. ಆ ವಯಸ್ಸಿನಲ್ಲೇ ಸ್ವಯಂಸೇವಕರಾಗಿ ಯುದ್ಧಕ್ಕೆ ಹೋಗಿ ಜರ್ಮನರ ಕೈಗೆ ಸೆರೆಸಿಕ್ಕರು. ಬಿಡುಗಡೆಯಾಗಿ ಬಂದ ಮೇಲೆ ಊರಿನ ಅನಿಲ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿದ ನಂತರ ನಟನೆ ಕಲಿತು, 1947ರಲ್ಲಿ ಕ್ರಾಕುವ್‌ನ ರಂಗಭೂಮಿಯಲ್ಲಿ ವೃತ್ತಿ ಆರಂಭಿಸಿದರು. ಮುಂದೆ ಕಲ್ಲಿದ್ದಲು ಗಣಿಗಳ ಪ್ರದೇಶವಾದ ಕಾತೊವಿತ್ಸೆಯ ರಂಗಮಂದಿರದಲ್ಲಿ ಕೆಲವು ವರ್ಷ ದುಡಿದು, 1950ರ ದಶಕದ ಕೊನೆಯಲ್ಲಿ ರಾಜಧಾನಿ ವಾರ್ಸಾಗೆ ಬಂದರು.

ಸಿನಿಮಾದಲ್ಲಿ ಅವರಿಗೆ ಹೆಸರು ತಂದದ್ದು ನಿರ್ದೇಶಕ ವೊಯ್ಚೆಹ್ ಹಾಸ್ ಅವರ ‘ಕುಣಿಕೆ’ ಎಂಬ ಚಿತ್ರ. ಕುಡಿತದಿಂದ ಬಿಡುಗಡೆ ಬಯಸುವ ಕೂಬಾ ಎಂಬ ಮನುಷ್ಯನ ಒಂದೇ ದಿನದ ಕಥೆ ಅದು. ಸಂಜೆ ಚಿಕಿತ್ಸೆಗೆ ಹೋಗಬೇಕು, ಅಲ್ಲಿಯವರೆಗೆ ಕುಡಿಯದೆ ಇರಬೇಕು. ಅಷ್ಟೇ ಪರೀಕ್ಷೆ. ಆದರೆ ಅವನು ಸೋಲುತ್ತಾನೆ. ಹಾಸ್ ಅವರ ‘ಸರಗೋಸಾದಲ್ಲಿ ಸಿಕ್ಕ ಹಸ್ತಪ್ರತಿ’ ಮತ್ತು 1973ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಇನ್ನೊಂದು ಚಿತ್ರದಲ್ಲೂ ಹೊಲೌಬೆಕ್ ನಟಿಸಿದರು. ಆದರೆ ಅವರ ನಿಜವಾದ ಮನೆ ರಂಗಭೂಮಿಯೇ.

ಅವರ ಬದುಕಿನ ಮುಖ್ಯ ಘಟನೆಯನ್ನು ತಿಳಿಯಲು ಮೊದಲು ಒಂದು ನಾಟಕದ ಪರಿಚಯ ಬೇಕು. ಪೋಲೆಂಡಿನ ಮಹಾಕವಿ ಆದಾಮ್ ಮಿಟ್ಸ್ಕ್ಯೇವಿಚ್ ಬರೆದ ಕಾವ್ಯನಾಟಕದ ಹೆಸರು ‘ಜ್ಯಾದಿ’. ಸತ್ತ ಹಿರಿಯರ ಆತ್ಮಗಳನ್ನು ಕರೆದು ಅನ್ನ ನೀರು ಇಡುವ ಹಳ್ಳಿಯ ಆಚರಣೆಗೆ ಆ ಹೆಸರು. 1795ರಿಂದ 1918ರವರೆಗೆ, ಅಂದರೆ 123 ವರ್ಷ, ಪೋಲೆಂಡ್ ಎಂಬ ದೇಶ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಅದನ್ನು ಹಂಚಿಕೊಂಡಿದ್ದವು. ಕವಿ ಸ್ವತಃ ವಿದ್ಯಾರ್ಥಿಗಳ ಒಂದು ಗುಪ್ತ ಸಂಘದಲ್ಲಿದ್ದ ಕಾರಣಕ್ಕೆ 1823ರಲ್ಲಿ ವಿಲ್ನಿಯಸ್ ನಗರದಲ್ಲಿ ಝಾರ್ ಸರಕಾರದ ಬಂಧನದಲ್ಲಿದ್ದರು. 1832ರಲ್ಲಿ ದೇಶದ ಹೊರಗಿದ್ದು ಬರೆದ ಮೂರನೆಯ ಭಾಗದಲ್ಲಿ ಆ ವಿದ್ಯಾರ್ಥಿಗಳ ಜೈಲನ್ನೇ ಚಿತ್ರಿಸಿದರು. ಅಲ್ಲಿ ಗುಸ್ತಾವ್ ಎಂಬ ಪ್ರೇಮಿ ಸೆರೆಮನೆಯ ಗೋಡೆಯ ಮೇಲೆ ‘ಗುಸ್ತಾವ್ ಸತ್ತ, ಕೊನ್ರಾಡ್ ಹುಟ್ಟಿದ’ ಎಂಬರ್ಥದ ಮಾತು ಬರೆಯುತ್ತಾನೆ. ತನ್ನ ದುಃಖ ಬಿಟ್ಟು ಜನರ ದುಃಖ ಹೊರುವ ಹೊಸ ಮನುಷ್ಯನಾಗುತ್ತಾನೆ.

ಆಮೇಲೆ ಕೊನ್ರಾಡ್ ಒಂಟಿಯಾಗಿ ನಿಂತು ದೇವರೊಂದಿಗೆ ಜಗಳಕ್ಕಿಳಿಯುವ ಬಹಳ ದೀರ್ಘವಾದ ಮಾತು ಬರುತ್ತದೆ. ಇದನ್ನು ಓದಿದಾಗ ನನಗೆ ಇಕ್ಬಾಲರ ‘ಶಿಕ್ವಾ’ ನೆನಪಾಯಿತು. ಅಲ್ಲಿಯೂ ಕವಿ ತನ್ನ ಜನರ ಕಷ್ಟಕ್ಕಾಗಿ ಅಲ್ಲಾಹನ ಬಳಿ ದೂರು ಹೇಳುತ್ತಾನೆ. ಆದರೆ ಒಂದು ವ್ಯತ್ಯಾಸವಿದೆ. ಕೊನ್ರಾಡ್ ದೂರಿನಲ್ಲಿ ನಿಲ್ಲದೆ ಜನರ ಆತ್ಮಗಳ ಮೇಲೆ ತನಗೇ ಅಧಿಕಾರ ಬೇಕೆಂದು ಕೇಳುತ್ತಾನೆ. ಅಹಂಕಾರದ ತುದಿಗೆ ಹೋಗಿ ಕುಸಿದು ಬೀಳುತ್ತಾನೆ. ದೇಶದ ಭವಿಷ್ಯದ ದರ್ಶನವಾಗುವುದು ಅವನಿಗಲ್ಲ, ವಿನಯದಿಂದ ಪ್ರಾರ್ಥಿಸುವ ಒಬ್ಬ ಪಾದ್ರಿಗೆ.

1967ರ ನವೆಂಬರ್ 25ರಂದು ವಾರ್ಸಾದ ರಾಷ್ಟ್ರೀಯ ರಂಗಮಂದಿರದಲ್ಲಿ ಈ ನಾಟಕದ ಹೊಸ ರಂಗಪ್ರಯೋಗ ಆರಂಭವಾಯಿತು. ನಿರ್ದೇಶಕರು ಕಾಜಿಮೆಜ್ ದೇಯ್ಮೆಕ್. ಆಗ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಸರಕಾರವಿತ್ತು, ಅದು ಸೋವಿಯತ್ ಒಕ್ಕೂಟದ ನೆರಳಿನಲ್ಲಿತ್ತು. ತಮಾಷೆಯ ಸಂಗತಿ ಎಂದರೆ ಈ ನಾಟಕವನ್ನು ಆಡಿಸಿದ್ದು ರಷ್ಯಾದ ಅಕ್ಟೋಬರ್ ಕ್ರಾಂತಿಯ 50ನೆಯ ವರ್ಷದ ಆಚರಣೆಗಾಗಿ! ಗುಸ್ತಾವ್ ಎಂಬ ಹೆಸರಿನ ನಟನೇ ಗುಸ್ತಾವ್ ಮತ್ತು ಕೊನ್ರಾಡ್ ಆದ. ಆಗ ಹೊಲೌಬೆಕ್ ಅವರಿಗೆ 44 ವರ್ಷ.

ಇಂಥ ಪದ್ಯಗಳನ್ನು ಎತ್ತರದ ಸ್ವರದಲ್ಲಿ, ಆವೇಶದಿಂದ ಘೋಷಿಸುವ ಪದ್ಧತಿ ಅಲ್ಲಿಯೂ ಇತ್ತು. ಹೊಲೌಬೆಕ್ ಹಾಗೆ ಮಾಡುವವರಲ್ಲ. ಒಬ್ಬ ಮನುಷ್ಯ ಈಗ ತಾನೇ ಯೋಚಿಸುತ್ತಿದ್ದಾನೆ, ಯೋಚನೆ ಮುಗಿದಂತೆ ಮಾತು ಹೊರಬರುತ್ತಿದೆ ಎನ್ನುವ ಹಾಗೆ ಪದ್ಯವನ್ನು ಹೇಳುತ್ತಿದ್ದರು. ‘ಯಾವ ಪಾತ್ರ ಮಾಡಿದರೂ ಹೊಲೌಬೆಕ್ ಹೊಲೌಬೆಕ್ಕೇ’ ಎಂದು ಕೆಲವರು ಟೀಕಿಸುವುದೂ ಇತ್ತು. ಆದರೆ ಕೈಗೆ ಸರಪಳಿ ಹಾಕಿಕೊಂಡು ಅವರು ಮಾತನಾಡಿದಾಗ ಪ್ರೇಕ್ಷಕರಿಗೆ ಅದು 1832ರ ಮಾತು ಅನ್ನಿಸಲಿಲ್ಲ. ಝಾರ್ ಕಾಲದ ರಷ್ಯಾದ ಅಧಿಕಾರಿಗಳನ್ನು ಟೀಕಿಸುವ ಸಾಲುಗಳು ನಾಟಕದಲ್ಲಿ ಬಂದಾಗಲೆಲ್ಲ ಜೋರಾಗಿ ಚಪ್ಪಾಳೆ ಬಿತ್ತು. ಸರಕಾರಕ್ಕೆ ಭಯವಾಯಿತು.

1968ರ ಜನವರಿ 30ರ ಪ್ರದರ್ಶನವೇ ಕೊನೆಯದು ಎಂದು ಅಪ್ಪಣೆಯಾಯಿತು. ಆ ರಾತ್ರಿ ರಂಗಮಂದಿರ ಕಿಕ್ಕಿರಿದಿತ್ತು. ನಾಟಕ ಮುಗಿದ ಮೇಲೆ ವಿದ್ಯಾರ್ಥಿಗಳು ಮಿಟ್ಸ್ಕ್ಯೇವಿಚ್ ಪ್ರತಿಮೆಯವರೆಗೆ ಮೆರವಣಿಗೆ ಹೋದರು. ಪೊಲೀಸರು 30ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಈ ವಿಷಯವನ್ನು ವಿದೇಶಿ ಪತ್ರಕರ್ತರಿಗೆ ತಿಳಿಸಿದ ಆದಾಮ್ ಮಿಖ್ನಿಕ್ ಮತ್ತು ಹೆನ್ರಿಕ್ ಶ್ಲೈಫರ್ ಎಂಬ ಇಬ್ಬರು ವಿದ್ಯಾರ್ಥಿಗಳನ್ನು ವಾರ್ಸಾ ವಿಶ್ವವಿದ್ಯಾಲಯದಿಂದ ಹೊರಹಾಕಲಾಯಿತು. ಅವರ ಪರವಾಗಿ ಮಾರ್ಚ್ 8ರಂದು ಸೇರಿದ ವಿದ್ಯಾರ್ಥಿಗಳ ಮೇಲೆ ಲಾಠಿ ಬೀಸಲಾಯಿತು. ಚಳವಳಿ ಬೇರೆ ನಗರಗಳಿಗೂ ಹಬ್ಬಿತು. ಸರಕಾರ ಇದಕ್ಕೆಲ್ಲ ಯಹೂದಿಗಳೇ ಕಾರಣ ಎಂದು ದ್ವೇಷದ ಪ್ರಚಾರ ಮಾಡಿತು. ಮುಂದಿನ ಕೆಲವು ವರ್ಷಗಳಲ್ಲಿ ಯಹೂದಿ ಮೂಲದ ಸಾವಿರಾರು ಮಂದಿ ಹುಟ್ಟಿದ ದೇಶವನ್ನು ಬಿಟ್ಟು ಹೋಗಬೇಕಾಯಿತು. ಈ ಭಾಗ ಓದುವಾಗ ನನಗೆ ಬಹಳ ಬೇಸರವಾಯಿತು. ತಪ್ಪು ಯಾರದೋ, ಶಿಕ್ಷೆ ಅನುಭವಿಸಿದವರು ಯಾರೋ. ನಿರ್ದೇಶಕ ದೇಯ್ಮೆಕ್ ಕೂಡ ತಮ್ಮ ಹುದ್ದೆ ಕಳೆದುಕೊಂಡರು.

ಹೊಲೌಬೆಕ್ ಅವರನ್ನು ಕ್ರಾಂತಿಕಾರಿ ಎಂದು ಹೊಗಳುವುದು ಸರಿಯಾಗದು. 1972ರಲ್ಲಿ ಅವರು ವಾರ್ಸಾದ ದ್ರಮಾತಿಚ್ನಿ ರಂಗಮಂದಿರದ ನಿರ್ದೇಶಕರಾದರು. 1976ರಿಂದ ಅದೇ ವ್ಯವಸ್ಥೆಯ ಸಂಸತ್ತಿನಲ್ಲಿ ಸದಸ್ಯರೂ ಆಗಿದ್ದರು. ಆದರೆ 1981ರ ಡಿಸೆಂಬರ್ 13ರಂದು ಜನರಲ್ ಯರುಜೆಲ್ಸ್ಕಿ ಸೈನಿಕ ಆಡಳಿತ ಹೇರಿದ ಮೇಲೆ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1983ರಲ್ಲಿ ರಂಗಮಂದಿರದ ಹುದ್ದೆಯಿಂದ ಅವರನ್ನು ತೆಗೆದುಹಾಕಲಾಯಿತು. ಅವರ ಜೊತೆಗಿದ್ದ ಹಲವು ನಟರೂ ತಾವಾಗಿ ಹೊರಬಂದರು. ಒಬ್ಬ ಮನುಷ್ಯನ ಲೆಕ್ಕವನ್ನು ಒಂದೇ ಪುಟ ನೋಡಿ ಹೇಳಬಾರದು, ಇಡೀ ಖಾತೆ ನೋಡಬೇಕು ಎಂದು ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಅನ್ನಿಸಿತು.

1989ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಆಡಳಿತ ಕೊನೆಯಾಯಿತು. ಆ ವರ್ಷ ಹೊಲೌಬೆಕ್ ಸೆನೆಟ್ ಸದಸ್ಯರಾಗಿ ಆರಿಸಿ ಬಂದರು. ಅದೇ ವರ್ಷ ತಾದೇವುಷ್ ಕೊನ್ವಿತ್ಸ್ಕಿ ‘ಜ್ಯಾದಿ’ಯನ್ನು ‘ಲಾವಾ’ ಎಂಬ ಹೆಸರಿನಲ್ಲಿ ಸಿನಿಮಾ ಮಾಡಿದರು. ಯುವಕ ಕೊನ್ರಾಡ್ ಪಾತ್ರಕ್ಕೆ ಬೇರೆ ನಟನಿದ್ದರೂ, ದೇವರೊಂದಿಗಿನ ಆ ದೊಡ್ಡ ಮಾತನ್ನು ಹೇಳಿದವರು ಹೊಲೌಬೆಕ್. ಆಗ ಅವರ ಕೂದಲು ಬೆಳ್ಳಗಾಗಿತ್ತು, ವಯಸ್ಸು 66. ಪದಗಳು ಅವೇ. ಆದರೆ ಈಗ ಹೇಳುತ್ತಿದ್ದವನು ಎಲ್ಲವನ್ನೂ ಕಂಡು ಬಂದ ಮುದುಕ. 1996ರಿಂದ ವಾರ್ಸಾದ ಅತೆನೇಉಮ್ ರಂಗಮಂದಿರವನ್ನು ನಡೆಸಿ, 2008ರ ಮಾರ್ಚ್ 6ರಂದು ಅವರು ನಿಧನರಾದರು.

ಅವರು ನಾಟಕಕ್ಕೆ ತಮ್ಮದೇ ಒಂದು ಮಾತನ್ನೂ ಸೇರಿಸಿರಲಿಲ್ಲ, ಘೋಷಣೆ ಕೂಗಿರಲಿಲ್ಲ. ಶಾಲೆಯ ಮಕ್ಕಳೂ ಓದುತ್ತಿದ್ದ ಪದ್ಯವನ್ನು ಅರ್ಥಮಾಡಿಕೊಂಡು ಹೇಳಿದರು, ಅಷ್ಟೇ. ಬರೀ ಒಪ್ಪಿಸಿದ್ದರೆ ಆ ನಾಟಕವನ್ನು ನಿಲ್ಲಿಸುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಈ ವರ್ಷದ ಸ್ಪರ್ಧೆಗೂ ಹೆಸರು ಕೊಟ್ಟಿದ್ದೇನೆ. ಪದ್ಯ ಹೋದ ವರ್ಷದ್ದೇ. ಈ ಸಲ ಕಂಠಪಾಠಕ್ಕೆ ಮೊದಲು ಉಪನ್ಯಾಸಕರ ಬಳಿ ಕೂತು ಒಂದೊಂದು ಪದದ ಅರ್ಥ ಕೇಳಿದೆ. ಹೋದ ವರ್ಷ ಒಂದಕ್ಷರವೂ ತಪ್ಪದೆ ಹೇಳಿದ್ದ ಆ ಪದ್ಯದಲ್ಲಿ ನನಗೆ ಅರ್ಥ ಗೊತ್ತಿಲ್ಲದ ಪದಗಳು ಹನ್ನೊಂದು ಇದ್ದವು.